ಹಳೆಯ ಸಿನಿಮಾ ನೋಡಬೇಕು ಅಂತಿದ್ದೀರಾ? ಈ ಏಳರಲ್ಲಿ ಮೊದಲು ಯಾವುದು

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ಕೇಳಿದ್ದ, 'ಯಾವಾಗ ನೋಡಿದ್ರೂ ಹಳೇ ಸಿನಿಮಾ ಅಂತಿರ್ತೀಯಲ್ಲ, ಒಂದು ಹೆಸರು ಹೇಳು, ನಾನೂ ನೋಡ್ತೀನಿ' ಅಂತ. ನಾನು ಹಿಂದೆ ಮುಂದೆ ನೋಡದೆ ಟೋಕಿಯೋ ಸ್ಟೋರಿ ಅಂದೆ. ನನಗೆ ತುಂಬಾ ಇಷ್ಟದ ಸಿನಿಮಾ ಅದು. ಪಾಪ, ಅವನು ವಾರವಿಡೀ ದುಡಿದು ಸುಸ್ತಾಗಿ, ಶುಕ್ರವಾರ ರಾತ್ರಿ ಹತ್ತೂವರೆಗೆ ಅದನ್ನು ಹಾಕಿಕೊಂಡು ಕೂತ. ನಲವತ್ತನೇ ನಿಮಿಷಕ್ಕೆ ನಿದ್ದೆ. ಬೆಳಿಗ್ಗೆ ಒಂದು ಮೆಸೇಜು: 'ಚೆನ್ನಾಗಿದೆ ಅನ್ಸುತ್ತೆ.' ಅಷ್ಟೇ. ಆಮೇಲೆ ಬಹಳ ದಿನ ಅವನು ನನ್ನ ಹತ್ತಿರ ಸಿನಿಮಾ ಹೆಸರು ಕೇಳಲೇ ಇಲ್ಲ.

ತಪ್ಪು ನನ್ನದೇ. ನನಗೆ ಇಷ್ಟವಾದದ್ದನ್ನು ಹೇಳಿದೆನೇ ಹೊರತು, ಅವನು ಯಾವ ಹೊತ್ತಿಗೆ, ಎಷ್ಟು ಸುಸ್ತಾಗಿ, ಯಾರ ಜೊತೆ ಕೂತು ನೋಡುತ್ತಾನೆ ಅಂತ ಒಂದು ಮಾತೂ ಕೇಳಲಿಲ್ಲ. ಎಷ್ಟೋ ಜನರಿಗೆ ಹಳೆಯ ಸಿನಿಮಾ 'ಆಗಿಬರಲ್ಲ' ಅನ್ನಿಸೋದು ಹೀಗೇ. ಸಿನಿಮಾ ಚೆನ್ನಾಗೇ ಇರುತ್ತೆ, ನೋಡಿದ ರಾತ್ರಿ ಮಾತ್ರ ತಪ್ಪಾಗಿರುತ್ತೆ.

ಅದಕ್ಕೇ ಈ ಬರಹ. 'ಯಾವುದರಿಂದ ಶುರು ಮಾಡಲಿ' ಅಂತ ಕೇಳಿದವರಿಗೆ ನಾನು ಮತ್ತೆ ಮತ್ತೆ ಹೇಳುವ ಏಳು ಸಿನಿಮಾ ತಗೊಂಡಿದ್ದೇನೆ. ಸಿಟಿ ಲೈಟ್ಸ್, ಬೈಸಿಕಲ್ ಥೀವ್ಸ್, ಟೋಕಿಯೋ ಸ್ಟೋರಿ, ಸೆವೆನ್ ಸಮುರಾಯ್, ರಿಯರ್ ವಿಂಡೋ, ಟ್ವೆಲ್ವ್ ಆಂಗ್ರಿ ಮೆನ್, ಚಿಲ್ಡ್ರನ್ ಆಫ್ ಹೆವನ್. ಕೊನೆಯದು 1997ರದ್ದು, ಅಷ್ಟೇನೂ ಹಳೆಯದಲ್ಲ, ಆದರೆ ಈ ಗುಂಪಿಗೆ ಯಾಕೆ ಸೇರಿತು ಅಂತ ಮುಂದೆ ಹೇಳ್ತೀನಿ. ಕನ್ನಡದ್ದು ಒಂದೂ ಇಲ್ಲವಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಅವಕ್ಕೆ ಬೇರೆಯೇ ಒಂದು ಬರಹ ಬೇಕು, ಇದರ ಮೂಲೆಯಲ್ಲಿ ತುರುಕಿದರೆ ಅನ್ಯಾಯ.

ಮೊದಲು ಪಟ್ಟಿಗಳ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡೋದು. ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡುತ್ತೆ. ಮೊದಲ ಸಲ ಬೈಸಿಕಲ್ ಥೀವ್ಸ್ ಮೇಲಿತ್ತು. ಆಮೇಲೆ 1962ರಿಂದ 2002ರವರೆಗೆ ಐದು ಸಲವೂ ಸಿಟಿಜನ್ ಕೇನ್. 2012ರಲ್ಲಿ ವರ್ಟಿಗೋ. 2022ರಲ್ಲಿ ಜಾನ್ ಡೀಲ್ಮನ್ ಅನ್ನೋ 1975ರ ಸಿನಿಮಾ, ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ, ಅದರಲ್ಲಿ ಬಹುಪಾಲು ಹೊತ್ತು ಒಬ್ಬ ಹೆಂಗಸು ಅಡುಗೆ ಮಾಡೋದು, ಹಾಸಿಗೆ ಸರಿ ಮಾಡೋದು, ಆಲೂಗಡ್ಡೆ ಸಿಪ್ಪೆ ತೆಗೆಯೋದು. ದೊಡ್ಡ ಸಿನಿಮಾ, ನಾನು ಒಂದು ಮಾತೂ ಕಮ್ಮಿ ಹೇಳಲ್ಲ. ಆದರೆ 'ಜಗತ್ತಿನ ನಂಬರ್ ಒನ್' ಅಂತ ಓದಿ ಇದನ್ನೇ ಮೊದಲು ಹಾಕಿಕೊಂಡವರು ಎರಡನೇ ಸಿನಿಮಾಕ್ಕೆ ಬರೋದು ಕಷ್ಟ. ನನಗೆ ಮುಖ್ಯ ಆ ಎರಡನೇ ಸಿನಿಮಾ. ನೋಡಿದ ಮೊದಲನೆಯದು 'ಇನ್ನೊಂದು ಕೊಡು' ಅನ್ನಿಸಬೇಕು.

ಹೆಸರು ಹೇಳೋ ಮೊದಲು ಕೇಳಬೇಕಾದದ್ದು

ಎಷ್ಟು ಹೊತ್ತು ಇದೆ? ಇದು ಮೊದಲ ಪ್ರಶ್ನೆ. ಮೂರು ದಿನ ಕಂತು ಕಂತಾಗಿ ನೋಡೋ ಲೆಕ್ಕ ಬೇಡ, ಒಂದೇ ಸಲ ಕೂತು ಮುಗಿಸೋಕೆ ಎಷ್ಟು ಹೊತ್ತು ಸಿಗುತ್ತೆ ಅಂತ. ಹಳೆಯ ಸಿನಿಮಾಗಳು ಕಂತಿನಲ್ಲಿ ಸಾಯುತ್ತವೆ. ಈ ಏಳರಲ್ಲಿ ನಾಲ್ಕು ಒಂದೂವರೆ ಗಂಟೆಯ ಆಸುಪಾಸಿನವು, ಒಂದು ಎರಡು ಗಂಟೆಗಿಂತ ಸ್ವಲ್ಪ ಕಮ್ಮಿ, ಒಂದು ಎರಡೂಕಾಲು ಗಂಟೆ, ಒಂದಂತೂ ಮೂರೂವರೆ ಗಂಟೆ.

ಸಬ್‌ಟೈಟಲ್ ಓದುತ್ತಾ ಸಿನಿಮಾ ನೋಡೋ ಅಭ್ಯಾಸ ಇದೆಯಾ? ಇದ್ದವರಿಗೆ ಇದು ಲೆಕ್ಕಕ್ಕೇ ಇಲ್ಲ. ಇಲ್ಲದವರಿಗೆ ಮೊದಲ ಅರ್ಧ ಗಂಟೆ ಕಣ್ಣು ಕೆಳಗೇ ಇರುತ್ತೆ, ಮುಖ ನೋಡೋದು ತಪ್ಪಿಹೋಗುತ್ತೆ.

ಎಷ್ಟು ಹೊತ್ತು ಕಾಯ್ತೀರಿ? ಕೆಲವು ಸಿನಿಮಾ ಹತ್ತು ನಿಮಿಷದಲ್ಲಿ ಹಿಡಿದುಕೊಳ್ಳುತ್ತೆ. ಕೆಲವು ಒಂದು ಗಂಟೆ ಸುಮ್ನೆ ಕೂರಿಸಿ, ಆಮೇಲೆ ಗೊತ್ತೇ ಆಗದ ಹಾಗೆ ಒಳಗೆ ಎಳೆದುಕೊಳ್ಳುತ್ತೆ.

ಪರದೆ ಎಷ್ಟು ದೊಡ್ಡದು ಅನ್ನೋದನ್ನು ಯಾರೂ ಕೇಳಲ್ಲ, ಆದರೆ ಕೇಳಬೇಕು. ಮೊಬೈಲಿನಲ್ಲಿ ನೋಡೋದೇ ಪಾಪ ಅನ್ನುವವನು ನಾನಲ್ಲ. ಮೊಬೈಲಿನಲ್ಲಿ ಚೆನ್ನಾಗಿ ನಡೆಯುವ ಸಿನಿಮಾ ಇವೆ, ಪೂರ್ತಿ ಹಾಳಾಗುವ ಸಿನಿಮಾ ಇವೆ, ಅಷ್ಟೇ.

ಇನ್ನು ಪಕ್ಕದಲ್ಲಿ ಯಾರಿರ್ತಾರೆ, ಮತ್ತು ಸಿನಿಮಾ ಮುಗಿದ ಮೇಲೆ ನಿಮಗೆ ಹೇಗಿರಬೇಕು. ನಾಳೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದವರಿಗೆ ಎದೆ ಭಾರ ಮಾಡುವ ಸಿನಿಮಾ ಭಾನುವಾರ ರಾತ್ರಿ ಹೇಳಬಾರದು. ನಾನು ಹೇಳಿ ಬೈಸಿಕೊಂಡಿದ್ದೇನೆ.

ಒಂದೇ ಕೋಣೆಯ ಎರಡು ಸಿನಿಮಾ

ಏಳನ್ನೂ ಒಂದೊಂದಾಗಿ ನೋಡೋದಕ್ಕಿಂತ ಜೋಡಿ ಮಾಡಿ ನೋಡಿದರೆ ಆಯ್ಕೆ ಸುಲಭ. ಮೊದಲ ಜೋಡಿ ಟ್ವೆಲ್ವ್ ಆಂಗ್ರಿ ಮೆನ್ ಮತ್ತು ರಿಯರ್ ವಿಂಡೋ. ಎರಡೂ ಅಮೆರಿಕದ್ದು, ಎರಡೂ ಹೆಚ್ಚುಕಮ್ಮಿ ಒಂದೇ ಕೋಣೆಯಲ್ಲಿ ನಡೆಯುತ್ತೆ, ಎರಡರಲ್ಲೂ ಒಂದು ಕೊಲೆಯ ಮಾತು.

ಟ್ವೆಲ್ವ್ ಆಂಗ್ರಿ ಮೆನ್ 1957ರದ್ದು, 96 ನಿಮಿಷ. ಟಿವಿಯಲ್ಲಿ ಪಳಗಿದ್ದ ಸಿಡ್ನಿ ಲುಮೆಟ್ ನಿರ್ದೇಶಿಸಿದ ಮೊದಲ ಸಿನಿಮಾ. ತಂದೆಯನ್ನು ಕೊಂದ ಆರೋಪ ಹೊತ್ತ ಒಬ್ಬ ಹುಡುಗ. ಹನ್ನೆರಡು ಜನ ಜ್ಯೂರಿಗಳು, ಅಂದರೆ ತೀರ್ಪು ಹೇಳೋಕೆ ಕೋರ್ಟು ಕರೆಸಿದ ಸಾಮಾನ್ಯ ಜನ, ಒಂದು ಕೋಣೆಯಲ್ಲಿ ಕೂತು ಅವನು ತಪ್ಪಿತಸ್ಥನೋ ಅಲ್ಲವೋ ಒಮ್ಮತದಿಂದ ಹೇಳಬೇಕು, ತಪ್ಪಿತಸ್ಥ ಅಂದರೆ ಮರಣದಂಡನೆ. ಮೊದಲ ಮತದಾನದಲ್ಲಿ ಹನ್ನೊಂದು ಜನ ತಪ್ಪಿತಸ್ಥ ಅಂತಾರೆ, ಒಬ್ಬ ಮಾತ್ರ ಅಲ್ಲ ಅಂತಾನೆ. ಅವನೂ ಹುಡುಗ ನಿರಪರಾಧಿ ಅಂತ ಹೇಳಲ್ಲ, ಗೊತ್ತಿಲ್ಲ, ಸ್ವಲ್ಪ ಮಾತಾಡೋಣ ಅಂತಾನೆ ಅಷ್ಟೆ. ಇದಿಷ್ಟು ಆಗೋದು ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ. ಅಲ್ಲಿಂದ ಮುಂದೆ ನಿಮ್ಮನ್ನು ಕುರ್ಚಿಯಿಂದ ಎಬ್ಬಿಸೋಕೆ ಆಗಲ್ಲ.

ಹನ್ನೆರಡು ಜನ ಮಾತಾಡೋದನ್ನು ಒಂದೂವರೆ ಗಂಟೆ ನೋಡೋದಾ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಎರಡನೇ ಸಲ ನೋಡಿದಾಗ ಗೊತ್ತಾಗಿದ್ದು, ಆ ಕೋಣೆ ಸಿನಿಮಾ ಮುಂದುವರಿದಂತೆ ಚಿಕ್ಕದಾಗುತ್ತಾ ಹೋಗುತ್ತೆ. ಅದಕ್ಕೆ ಲುಮೆಟ್ ಮಾಡಿದ ಉಪಾಯ ಇದು: ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತೆ, ನಡುವೆ ಕಣ್ಣಿನ ಮಟ್ಟಕ್ಕೆ ಬರುತ್ತೆ, ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ ಇಳಿದು ತಲೆಯ ಮೇಲಿನ ಚಾವಣಿಯೂ ಕಾಣೋಕೆ ಶುರುವಾಗುತ್ತೆ. ಜೊತೆಗೆ ಲೆನ್ಸಿನ ಫೋಕಲ್ ಲೆಂತ್, ಅಂದರೆ ದೂರದ್ದನ್ನು ಹತ್ತಿರ ಎಳೆದು ತೋರಿಸುವ ಗುಣ, ಜಾಸ್ತಿ ಮಾಡುತ್ತಾ ಹೋದ, ಹಾಗಾಗಿ ಹಿಂದಿನ ಗೋಡೆ ಮುಖಗಳ ಹತ್ತಿರ ಸರಿದ ಹಾಗೆ ಕಾಣುತ್ತೆ. ಇದೆಲ್ಲ ನೋಡೋವಾಗ ಗಮನಕ್ಕೆ ಬರಲ್ಲ, ಸುಮ್ನೆ ಉಸಿರು ಕಟ್ಟಿದ ಹಾಗೆ ಆಗುತ್ತೆ. ಕೋಣೆಯಲ್ಲಿ ಸೆಖೆ ಬೇರೆ. ಫ್ಯಾನ್ ಕೆಲಸ ಮಾಡಲ್ಲ. ಒಬ್ಬನಿಗೆ ಬೇಸ್‌ಬಾಲ್ ಪಂದ್ಯದ ಟಿಕೆಟ್ ಜೇಬಿನಲ್ಲಿದೆ, ಬೇಗ ಮುಗಿಸಿ ಹೊರಡೋ ಆತುರ. ಒಬ್ಬ ಹುಡುಗನ ಜೀವ, ಒಂದು ಪಂದ್ಯದ ಟಿಕೆಟ್. ಎರಡನ್ನೂ ಪಕ್ಕಪಕ್ಕ ಇಟ್ಟು ಸಿನಿಮಾ ಏನೂ ಭಾಷಣ ಮಾಡಲ್ಲ.

ಕೊರತೆ ಇಲ್ಲ ಅಂತಲ್ಲ. ನಿಜವಾದ ಜ್ಯೂರಿಯ ಸದಸ್ಯ, ಮೊದಲು 'ಅಲ್ಲ' ಅಂದ ಆ ಒಬ್ಬನ ಹಾಗೆ, ತಾನೇ ಹೊರಗೆ ಹೋಗಿ ಸಾಕ್ಷ್ಯ ಹುಡುಕಿಕೊಂಡು ಬರೋ ಹಾಗಿಲ್ಲ. ಕಾನೂನು ಬಲ್ಲವರಿಗೆ ಅಲ್ಲಿ ಮೈ ಉರಿಯುತ್ತೆ. ಕೋಣೆಯಲ್ಲಿ ಒಬ್ಬ ಹೆಂಗಸೂ ಇಲ್ಲ. ಮಾತು ಜಾಸ್ತಿ, ಹಾಗಾಗಿ ಇಂಗ್ಲಿಷ್ ಅಷ್ಟಾಗಿ ಕಿವಿಗೆ ಬೀಳದವರು ಬಿಡದೆ ಓದುತ್ತಿರಬೇಕಾಗುತ್ತೆ. ಹಿಂದಿ ಸಲೀಸು ಅನ್ನುವವರಿಗೆ ಬಾಸು ಚಟರ್ಜಿ 1986ರಲ್ಲಿ ಇದೇ ಕಥೆಯನ್ನು ಏಕ್ ರುಕಾ ಹುವಾ ಫೈಸ್ಲಾ ಅಂತ ಮಾಡಿದ್ದಾರೆ. ಅದೂ ಚೆನ್ನಾಗಿದೆ, ಆದರೆ ಎರಡರಲ್ಲಿ ಒಂದೇ ನೋಡೋದಾದರೆ ಮೂಲವನ್ನೇ ನೋಡಿ. ಇನ್ನೊಂದು ಲಾಭ: ಇದು ಮುಖಗಳ ಸಿನಿಮಾ, ಮೊಬೈಲಿನಲ್ಲೂ ನಷ್ಟ ಕಮ್ಮಿ.

ರಿಯರ್ ವಿಂಡೋ, 1954, ನಿರ್ದೇಶಕ ಹಿಚ್‌ಕಾಕ್, 112 ನಿಮಿಷ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಫೋಟೋಗ್ರಾಫರ್, ಹೊತ್ತು ಹೋಗದೆ ಎದುರಿನ ಮನೆಗಳ ಕಿಟಕಿ ನೋಡುತ್ತಾ ಕೂರ್ತಾನೆ. ಒಂದು ಕಿಟಕಿಯಲ್ಲಿ ಏನೋ ಸರಿ ಇಲ್ಲ ಅನ್ನಿಸುತ್ತೆ. ಶುರುವಿನ ಒಂದು ನಿಮಿಷ ನೋಡಿ: ಕ್ಯಾಮೆರಾ ಅವನ ಪ್ಲಾಸ್ಟರ್ ಹಾಕಿದ ಕಾಲು, ಮುರಿದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರಿನ ಅಪಘಾತದ ಫೋಟೋ, ಹೀಗೆ ಒಂದೊಂದನ್ನೇ ದಾಟಿ ಹೋಗುತ್ತೆ. ಅವನು ಯಾರು, ಕಾಲು ಹೇಗೆ ಮುರೀತು, ಎಲ್ಲ ಗೊತ್ತಾಯಿತು, ಒಬ್ಬರೂ ಬಾಯಿ ಬಿಟ್ಟಿಲ್ಲ. ಬಣ್ಣದ ಸಿನಿಮಾ, ಹಾಗಾಗಿ ಕಪ್ಪುಬಿಳುಪು ಅಂದರೆ ಮೂತಿ ತಿರುಗಿಸುವವರಿಗೆ ಇದೇ ಸರಿ. ಆದರೆ ಮೊದಲ ಅರ್ಧ ಗಂಟೆ ಮದುವೆಯಾಗೋದೋ ಬೇಡವೋ ಅನ್ನೋ ಮಾತುಕತೆಯೇ ಜಾಸ್ತಿ, ಅದರಲ್ಲಿ ಸ್ವಲ್ಪ ಹಳೇ ಕಾಲದ ವಾಸನೆ ಇದೆ. ಮೊಬೈಲಿನಲ್ಲಿ ಮಾತ್ರ ಬೇಡ. ಎದುರಿನ ಕಿಟಕಿಗಳು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿ ಕಾಣುತ್ತೆ, ಸಿನಿಮಾ ಇರೋದೇ ಅಲ್ಲಿ.

ಇವೆರಡರಲ್ಲಿ ಒಂದನ್ನೇ ಆರಿಸೋದಾದರೆ, ಜಗಳ ಮಾಡುತ್ತಾ ನೋಡುವ ನಾಲ್ಕು ಜನ ಇದ್ದಾಗ ಲುಮೆಟ್, ಇಬ್ಬರೇ ಇದ್ದು ಸ್ವಲ್ಪ ನಗು ಸ್ವಲ್ಪ ಭಯ ಬೇಕಾದಾಗ ಹಿಚ್‌ಕಾಕ್.

ಕಳೆದುಹೋದ ಸೈಕಲ್ಲು, ಕಳೆದುಹೋದ ಬೂಟು

ಎರಡನೇ ಜೋಡಿಯಲ್ಲಿ ನನಗೇ ಪ್ರತಿ ಸಲ ಗೊಂದಲ. ಬೈಸಿಕಲ್ ಥೀವ್ಸ್ 1948ರದ್ದು, ಇಟಲಿ. ಚಿಲ್ಡ್ರನ್ ಆಫ್ ಹೆವನ್ 1997ರದ್ದು, ಇರಾನ್. ನಡುವೆ ಸುಮಾರು ಐವತ್ತು ವರ್ಷ. ಎರಡೂ 89 ನಿಮಿಷ ಅನ್ನೋದು ಕಾಕತಾಳೀಯ. ಆದರೆ ಎರಡರಲ್ಲೂ ಬಡ ಮನೆಯೊಂದರಲ್ಲಿ ಒಂದೇ ಒಂದು ವಸ್ತು ಕಳೆದುಹೋಗುತ್ತೆ, ಆ ವಸ್ತುವಿಗಾಗಿ ಅಲೆಯೋದೇ ಇಡೀ ಸಿನಿಮಾ, ಎರಡರಲ್ಲೂ ಒಂದು ಮಗುವಿನ ಮುಖವೇ ಎಲ್ಲ. ಮಜೀದ್ ಮಜೀದಿ ನಿರ್ದೇಶಿಸಿದ ಆ ಇರಾನಿನ ಸಿನಿಮಾವನ್ನು ಈ ಹಳೆಯವುಗಳ ಜೊತೆ ಸೇರಿಸಿದ್ದು ಅದಕ್ಕೇ.

ಬೈಸಿಕಲ್ ಥೀವ್ಸ್‌ನಲ್ಲಿ ಯುದ್ಧ ಮುಗಿದ ಮೇಲಿನ ರೋಮ್. ಕೆಲಸವಿಲ್ಲದ ಒಬ್ಬನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತೆ, ಆದರೆ ಸೈಕಲ್ ಇರಲೇಬೇಕು. ಸೈಕಲ್ಲು ಅಡವಿಟ್ಟಾಗಿದೆ. ಅವನ ಹೆಂಡತಿ ಹಾಸಿಗೆಯ ಮೇಲಿನ ಹೊದಿಕೆಗಳನ್ನೆಲ್ಲ ಎಳೆದು ಗಂಟು ಕಟ್ಟಿ ಅಡವಿಡೋಕೆ ತಗೊಂಡು ಹೋಗ್ತಾಳೆ. ಅಲ್ಲಿ ಒಂದು ದೃಶ್ಯ ಇದೆ. ಇವರು ಕೊಟ್ಟ ಗಂಟನ್ನು ಇಡೋಕೆ ಅಂತ ಅಡವಿನಂಗಡಿಯ ಕೆಲಸದವನು ಒಂದು ಎತ್ತರದ ಕಪಾಟು ಹತ್ತುತ್ತಾನೆ, ಹತ್ತುತ್ತಲೇ ಹೋಗ್ತಾನೆ, ಕ್ಯಾಮೆರಾ ಅವನ ಜೊತೆ ಮೇಲೆ ಹೋದಂತೆ ಕಾಣೋದು ಇಂಥವೇ ಗಂಟುಗಳ ರಾಶಿ, ಚಾವಣಿಯವರೆಗೆ. ಆ ಊರಲ್ಲಿ ಎಷ್ಟು ಮನೆಯವರು ಬರೀ ಹಾಸಿಗೆಯ ಮೇಲೆ ಮಲಗ್ತಿದ್ದಾರೆ ಅಂತ ಯಾರೂ ಹೇಳೋದು ಬೇಕಿಲ್ಲ. ನಾನು ಈ ಸಿನಿಮಾವನ್ನು ಯಾರಿಗಾದರೂ ಹೇಳುವಾಗ ಕಥೆ ಹೇಳೋದಿಲ್ಲ, ಈ ಒಂದು ದೃಶ್ಯ ಹೇಳ್ತೀನಿ.

ಸೈಕಲ್ ಬಿಡಿಸಿಕೊಂಡು ಮೊದಲ ದಿನದ ಕೆಲಸಕ್ಕೆ ಹೋದಾಗಲೇ ಕಳುವಾಗುತ್ತೆ. ಅವನು ಗೋಡೆಗೆ ಅಂಟಿಸುತ್ತಾ ಇದ್ದದ್ದು ಒಂದು ಹಾಲಿವುಡ್ ಸಿನಿಮಾದ ಪೋಸ್ಟರು, ರೀಟಾ ಹೇವರ್ತ್‌ದು. ಆಮೇಲೆ ಅಪ್ಪ ಮಗ ಇಬ್ಬರೂ ಊರೆಲ್ಲ ಹುಡುಕೋದು. ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಮುಖ್ಯ ಪಾತ್ರಕ್ಕೆ ತಂದಿದ್ದು ನಟನನ್ನಲ್ಲ, ಲಾಂಬೆರ್ಟೊ ಮಾಜೊರಾನಿ ಅನ್ನೋ ಕಾರ್ಖಾನೆ ಕೆಲಸಗಾರನನ್ನು. ಅವನ ನಡಿಗೆ ನೋಡಿ, ಇಡೀ ದಿನ ನಡೆದವನ ನಡಿಗೆ ಅದು. ಸತ್ಯಜಿತ್ ರಾಯ್ 1950ರಲ್ಲಿ ಲಂಡನ್ನಿನಲ್ಲಿದ್ದಾಗ ಈ ಸಿನಿಮಾ ನೋಡಿದರು, ಪಥೇರ್ ಪಾಂಚಾಲಿ ಮಾಡುವ ಧೈರ್ಯ ಗಟ್ಟಿಯಾಗಿದ್ದು ಅದರಿಂದಲೇ. ದುಡ್ಡಿಲ್ಲದೆ, ಸ್ಟುಡಿಯೋ ಇಲ್ಲದೆ, ಗೊತ್ತಿರದ ಮುಖಗಳನ್ನು ಇಟ್ಟುಕೊಂಡು ಸಿನಿಮಾ ಮಾಡಬಹುದು ಅಂತ.

ಆದರೆ ಈ ಸಿನಿಮಾ ನಿಮ್ಮನ್ನು ಸಮಾಧಾನ ಮಾಡಿ ಕಳಿಸಲ್ಲ. ಕೊನೆಯ ಹತ್ತು ನಿಮಿಷ ಕಷ್ಟ. ಹುಡುಗ ಅಪ್ಪನನ್ನು ನೋಡುವ ಆ ನೋಟ ಎರಡು ಮೂರು ದಿನ ಬಿಡಲ್ಲ.

ಚಿಲ್ಡ್ರನ್ ಆಫ್ ಹೆವನ್‌ನಲ್ಲಿ ಒಂಬತ್ತು ವರ್ಷದ ಹುಡುಗ ಅಲಿ, ರಿಪೇರಿ ಮಾಡಿಸಿಕೊಂಡು ಬಂದ ತಂಗಿಯ ಬೂಟು ಕಳೆದುಬಿಡ್ತಾನೆ. ಹೊಸದು ಕೊಡಿಸೋಕೆ ಅಪ್ಪನ ಹತ್ತಿರ ದುಡ್ಡಿಲ್ಲ ಅಂತ ಇಬ್ಬರಿಗೂ ಗೊತ್ತು. ಹಾಗಾಗಿ ಹೇಳಲ್ಲ. ತಂಗಿಯ ಶಾಲೆ ಬೆಳಿಗ್ಗೆ, ಇವನದ್ದು ಮಧ್ಯಾಹ್ನ. ಅವಳು ಇವನ ಬೂಟು ಹಾಕಿಕೊಂಡು ಹೋಗಿ, ಶಾಲೆ ಬಿಟ್ಟ ಕೂಡಲೇ ಓಡಿ ಬರಬೇಕು, ಓಣಿಯಲ್ಲಿ ಬದಲಾಯಿಸಿಕೊಂಡು ಇವನು ಓಡಬೇಕು. ದಿನಾ ಓಟ, ದಿನಾ ತಡ. ನನಗೆ ಇಷ್ಟದ್ದು ಶುರುವಿನ ಒಂದು ರಾತ್ರಿ: ಅಪ್ಪ ಅಮ್ಮ ಅದೇ ಕೋಣೆಯಲ್ಲಿದ್ದಾರೆ, ಮಾತಾಡಿದರೆ ಕೇಳಿಸುತ್ತೆ, ಅದಕ್ಕೆ ಅಣ್ಣ ತಂಗಿ ಹೋಂವರ್ಕ್ ಮಾಡೋ ಹಾಗೆ ನಟಿಸುತ್ತಾ ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಜಗಳ ಆಡ್ತಾರೆ. ಆಮೇಲೆ ಒಂದು ಓಟದ ಸ್ಪರ್ಧೆ ಬರುತ್ತೆ, ಮೂರನೇ ಬಹುಮಾನ ಒಂದು ಜೊತೆ ಬೂಟು. ಅಲಿಗೆ ಗೆಲ್ಲೋದು ಬೇಡ, ಮೂರನೆಯವನಾಗಬೇಕು. ಓಟದ ಸ್ಪರ್ಧೆಯಲ್ಲಿ ಇಂಥ ಗುರಿ ಇಟ್ಟುಕೊಂಡು ಓಡುವವನನ್ನು ನೋಡುತ್ತಾ ನೀವು ಕುರ್ಚಿಯ ತುದಿಗೆ ಬರ್ತೀರಿ.

ಮಕ್ಕಳಿದ್ದರೆ ಯೋಚನೆ ಮಾಡೋದೇ ಬೇಡ, ಇದೇ. ಪರ್ಷಿಯನ್ ಮಾತು ಕಮ್ಮಿ, ಇರೋದೂ ಸರಳ, ಓದೋಕೆ ಬಾರದ ಮಗುವಿಗೆ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳಿದರೂ ಸಾಕು. ಇಬ್ಬರೇ ದೊಡ್ಡವರು, ಸಿನಿಮಾ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರೋಕೆ ತಯಾರಿರುವವರು, ಅವರಿಗೆ ಬೈಸಿಕಲ್ ಥೀವ್ಸ್. ಎರಡನ್ನೂ ನೋಡುವ ಮನಸ್ಸಿದ್ದರೆ ಇರಾನಿನದ್ದು ಮೊದಲು ಇರಲಿ. ತಿರುಗಾಮುರುಗಾ ಮಾಡಿದರೆ ಮಜೀದಿಯ ಸಿನಿಮಾ ಸ್ವಲ್ಪ ಸಿಹಿ ಜಾಸ್ತಿ ಆಯಿತೇನೋ ಅನ್ನಿಸಬಹುದು, ಅದಕ್ಕೆ ಅನ್ಯಾಯ ಆಗುತ್ತೆ.

ಜಪಾನಿನ ಎರಡು ದೊಡ್ಡವು

ಟೋಕಿಯೋ ಸ್ಟೋರಿ 1953, ಸೆವೆನ್ ಸಮುರಾಯ್ 1954. ಒಂದೇ ದೇಶ, ಒಂದೇ ವರ್ಷದ ಅಂತರ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನೋಷ್ಟು ಬೇರೆ.

ಸೆವೆನ್ ಸಮುರಾಯ್ ಬಗ್ಗೆ ಜನಕ್ಕೆ ಇರೋ ಭಯ ಒಂದೇ, 207 ನಿಮಿಷ. ನಿಜ ಹೇಳಬೇಕಂದ್ರೆ ಈ ಏಳರಲ್ಲಿ ಬೋರ್ ಹೊಡೆಸೋ ಸಾಧ್ಯತೆ ತೀರಾ ಕಮ್ಮಿ ಇರೋದು ಇದಕ್ಕೇ. ಬೆಳೆ ಕೈಗೆ ಬರೋ ಹೊತ್ತಿಗೆ ದರೋಡೆಕೋರರು ಬಂದು ದೋಚುವ ಒಂದು ಹಳ್ಳಿ. ರೈತರು ಊಟ ಒಂದನ್ನೇ ಕೂಲಿಯಾಗಿ ಕೊಡ್ತೀವಿ ಅಂತ ಹೇಳಿ ಏಳು ಜನ ಯೋಧರನ್ನು ಕರೆತರ್ತಾರೆ. ಎದುರಿಗೆ ನಲವತ್ತು ಜನ. ತಂಡ ಕಟ್ಟಿ ಹಳ್ಳಿ ಕಾಯುವ ಕಥೆ ನಿಮಗೆ ಎಲ್ಲೋ ನೋಡಿದ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ, ಹಾಲಿವುಡ್ 1960ರಲ್ಲೇ ಇದನ್ನು ದಿ ಮ್ಯಾಗ್ನಿಫಿಸೆಂಟ್ ಸೆವೆನ್ ಅಂತ ಮಾಡಿತು, ಆಮೇಲೆ ಎಷ್ಟು ಸಿನಿಮಾಗಳು ಈ ಅಚ್ಚಿನಲ್ಲಿ ಬಂದವೋ ಲೆಕ್ಕವಿಲ್ಲ. ಆದರೆ ಲೆಕ್ಕ ಇಡೋದು ಹೇಗೆ ಅಂತ ನಿರ್ದೇಶಕ ಕುರೊಸಾವಾ ಇಲ್ಲಿ ತೋರಿಸ್ತಾನೆ. ನಾಯಕ ಕಾಂಬೆಯ ಹತ್ತಿರ ಒಂದು ಕಾಗದ, ಅದರಲ್ಲಿ ಒಬ್ಬೊಬ್ಬ ದರೋಡೆಕೋರನಿಗೆ ಒಂದೊಂದು ಸೊನ್ನೆ. ಒಬ್ಬ ಸತ್ತರೆ ಒಂದು ಸೊನ್ನೆ ಹೊಡೆದುಹಾಕ್ತಾನೆ. ಹಾಗಾಗಿ ಕೊನೆಯ ಮಳೆಯ ಯುದ್ಧದಲ್ಲಿ, ಕೆಸರು ಕುದುರೆ ಕಿರುಚಾಟದ ನಡುವೆಯೂ, ಇನ್ನೂ ಎಷ್ಟು ಜನ ಉಳಿದಿದ್ದಾರೆ ಅಂತ ನೋಡುಗನಿಗೆ ಗೊತ್ತಿರುತ್ತೆ. ಈಗಿನ ಎಷ್ಟೋ ಫೈಟ್ ದೃಶ್ಯಗಳಲ್ಲಿ ಯಾರು ಯಾರಿಗೆ ಹೊಡೀತಿದ್ದಾರೆ ಅಂತಲೇ ತಿಳಿಯಲ್ಲ, ಅಲ್ವಾ?

ನಡುವೆ ಮಧ್ಯಂತರ ಇದೆ, ಅಲ್ಲಿ ನಿಲ್ಲಿಸಿ ಎದ್ದು ಓಡಾಡಿ ಬನ್ನಿ. ರಜೆಯ ಮಧ್ಯಾಹ್ನ ಇದಕ್ಕೆ ಸರಿಯಾದ ಹೊತ್ತು, ರಾತ್ರಿ ಒಂಬತ್ತಕ್ಕೆ ಶುರು ಮಾಡಬೇಡಿ. ಮತ್ತೆ ಹಾಕೋ ಮೊದಲು ಎಷ್ಟು ನಿಮಿಷದ್ದು ಅಂತ ನೋಡಿಕೊಳ್ಳಿ. ಹೊರದೇಶಗಳಿಗೆ ಅಂತ ಕತ್ತರಿಸಿದ ಚಿಕ್ಕ ಆವೃತ್ತಿಗಳು ಹಿಂದೆ ಓಡಾಡಿದ್ದವು, ಅದನ್ನು ನೋಡಿದರೆ ತಂಡ ಸೇರೋ ಮಜವೇ ಹೋಗುತ್ತೆ.

ಇನ್ನು ನನ್ನ ಗೆಳೆಯನನ್ನು ಮಲಗಿಸಿದ ಸಿನಿಮಾ. ಓಜು ನಿರ್ದೇಶಿಸಿದ ಟೋಕಿಯೋ ಸ್ಟೋರಿ 136 ನಿಮಿಷ. ವಯಸ್ಸಾದ ಗಂಡ ಹೆಂಡತಿ ದೂರದ ಊರಿಂದ ಮಕ್ಕಳನ್ನು ನೋಡೋಕೆ ಟೋಕಿಯೋಗೆ ಬರ್ತಾರೆ. ಮಕ್ಕಳು ಕೆಟ್ಟವರಲ್ಲ, ಅವರಿಗೆ ಬಿಡುವಿಲ್ಲ ಅಷ್ಟೆ. ಅಪ್ಪ ಅಮ್ಮನನ್ನು ಯಾರ ಮನೆಯಲ್ಲಿ ಇಟ್ಟುಕೊಳ್ಳೋದು, ಯಾರು ಊರು ತೋರಿಸೋದು ಅನ್ನೋದೇ ತಾಪತ್ರಯವಾಗಿ, ಕೊನೆಗೆ ಮಕ್ಕಳು ದುಡ್ಡು ಹಾಕಿ ಇಬ್ಬರನ್ನೂ ಒಂದು ಬಿಸಿನೀರ ಬುಗ್ಗೆಯ ಊರಿಗೆ ಕಳಿಸಿಬಿಡ್ತಾರೆ. ಅಲ್ಲಿ ರಾತ್ರಿಯೆಲ್ಲ ಗಲಾಟೆ, ಇಬ್ಬರಿಗೂ ನಿದ್ದೆ ಇಲ್ಲ. ಇಡೀ ಟೋಕಿಯೋದಲ್ಲಿ ಇವರಿಗೆ ಮನಸಾರೆ ಹೊತ್ತು ಕೊಡೋದು ಒಬ್ಬಳೇ, ಯುದ್ಧದಲ್ಲಿ ಹೋದ ಮಗನ ಹೆಂಡತಿ ನೊರಿಕೊ.

ಕ್ಯಾಮೆರಾ ನೆಲಕ್ಕೆ ಹತ್ತಿರ, ಚಾಪೆಯ ಮೇಲೆ ಕೂತವರ ಮಟ್ಟದಲ್ಲಿ. ಅಲುಗಾಡೋದೇ ಅಪರೂಪ. ಯಾರೂ ಕೂಗಾಡಲ್ಲ. ಅಪ್ಪನ ಪಾತ್ರ ಮಾಡಿದ ಚಿಶು ರ್ಯು ಆಗಿನ್ನೂ ಐವತ್ತು ದಾಟಿರಲಿಲ್ಲ ಅಂದರೆ ನಂಬೋದು ಕಷ್ಟ. ಶುರುವಿನಲ್ಲೇ ಒಂದು ಚಿಕ್ಕ ಘಟನೆ ಬರುತ್ತೆ: ಪ್ರಯಾಣಕ್ಕೆ ಗಂಟು ಕಟ್ಟುತ್ತಾ ಹೆಂಡತಿ ಗಾಳಿ ತುಂಬುವ ದಿಂಬು ನಿಮ್ಮ ಹತ್ತಿರ ಇದೆಯಾ ಅಂತಾಳೆ. ನಿನಗೇ ಕೊಟ್ಟೆನಲ್ಲ ಅಂತಾನೆ ಮುದುಕ. ಇಲ್ಲ, ನನ್ನ ಹತ್ತಿರ ಇಲ್ಲ ಅಂತ ಇವಳು. ಸ್ವಲ್ಪ ಹೊತ್ತಿಗೆ ಮುದುಕನ ಚೀಲದಲ್ಲೇ ಸಿಗುತ್ತೆ, ಓ ಇಲ್ಲೇ ಇದೆ ಅಂತಾನೆ. ಅಷ್ಟೇ. ಹಾಸ್ಯವೂ ಅಲ್ಲ, ಜಗಳವೂ ಅಲ್ಲ. ಎಷ್ಟು ವರ್ಷ ಜೊತೆಗಿದ್ದರೆ ಹೀಗೆ ಮಾತಾಡೋಕೆ ಆಗುತ್ತೆ ಅಂತ ಯೋಚಿಸಿ. ಸಿನಿಮಾದ ಕೊನೆಗೆ ಬಂದಾಗ ಈ ದಿಂಬು ನೆನಪಾಗುತ್ತೆ, ಆಗ ಗಂಟಲು ಕಟ್ಟುತ್ತೆ.

ಇದನ್ನು ಮೊದಲ ಸಿನಿಮಾ ಅಂತ ಯಾರಿಗೂ ಹೇಳೋದು ಬಿಟ್ಟಿದ್ದೇನೆ. ಐದಾರು ಹಳೆಯ ಸಿನಿಮಾ ನೋಡಿ, ನಿಧಾನಕ್ಕೆ ಕಣ್ಣು ಒಗ್ಗಿದ ಮೇಲೆ, ಒಂದು ಬಿಡುವಿನ ಬೆಳಿಗ್ಗೆ, ಫೋನು ಬೇರೆ ಕೋಣೆಯಲ್ಲಿಟ್ಟು ನೋಡಿ. ಅಪ್ಪ ಅಮ್ಮನ ಜೊತೆ ಕೂತು ನೋಡಬಹುದಾ ಅಂತ ಒಬ್ಬರು ಕೇಳಿದ್ದರು. ನೋಡಬಹುದು, ಆದರೆ ಅವರಿಗೆ ಹೋದ ವಾರ ಫೋನ್ ಮಾಡಿದ್ದೀರಾ ಅಂತ ಮೊದಲು ನೋಡ್ಕೊಳ್ಳಿ.

ಜೋಡಿ ಇಲ್ಲದ ಒಂದು

ಸಿಟಿ ಲೈಟ್ಸ್ ಯಾವುದರ ಜೊತೆಗೂ ಕೂರಲ್ಲ. 1931, ಚಾಪ್ಲಿನ್, 87 ನಿಮಿಷ. ಆ ಹೊತ್ತಿಗೆ ಮಾತಿನ ಸಿನಿಮಾ ಬಂದು ಮೂರ್ನಾಲ್ಕು ವರ್ಷ ಆಗಿತ್ತು, ಎಲ್ಲರೂ ಮಾತಿಗೆ ಹೋಗಿದ್ದರು. ಚಾಪ್ಲಿನ್ ಹೋಗಲಿಲ್ಲ. ಸಂಗೀತ ತಾನೇ ಮಾಡಿ, ಮಾತಿಲ್ಲದೆ ಬಿಡುಗಡೆ ಮಾಡಿದ. ಸಾಲದ್ದಕ್ಕೆ ಸಿನಿಮಾದ ಶುರುವಿನಲ್ಲೇ ವೇದಿಕೆಯ ಮೇಲೆ ಗಣ್ಯರು ಭಾಷಣ ಮಾಡುವಾಗ ಅವರ ಬಾಯಿಂದ ಪೀಪಿಯ ಥರ ಕೀಚು ಶಬ್ದ ಮಾತ್ರ ಬರುತ್ತೆ. ಮಾತಿನ ಸಿನಿಮಾಕ್ಕೆ ಅವನ ಉತ್ತರ ಅದು.

ಕಣ್ಣು ಕಾಣದ ಹೂ ಮಾರುವ ಹುಡುಗಿ, ಬಿಡಿಗಾಸಿಲ್ಲದ ಅಲೆಮಾರಿಯನ್ನು ಶ್ರೀಮಂತ ಅಂದುಕೊಳ್ಳಬೇಕು. ಮಾತಿಲ್ಲದೆ ಇದನ್ನು ಹೇಗೆ ತೋರಿಸೋದು? ಚಾಪ್ಲಿನ್‌ಗೆ ಇದೊಂದೇ ತಲೆನೋವಾಗಿ, ಆ ದೃಶ್ಯಕ್ಕೆ ಮುನ್ನೂರಕ್ಕೂ ಜಾಸ್ತಿ ಟೇಕ್ ಹೋದವು. ಕೊನೆಗೆ ಹೊಳೆದದ್ದು ಇಷ್ಟು: ರಸ್ತೆ ದಾಟೋಕೆ ದಾರಿಯಿಲ್ಲದೆ ಅಲೆಮಾರಿ ನಿಂತಿದ್ದ ಕಾರಿನೊಳಗೆ ಒಂದು ಬಾಗಿಲಿಂದ ಹತ್ತಿ ಇನ್ನೊಂದರಿಂದ ಇಳೀತಾನೆ. ಕಾರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿ ಹುಡುಗಿ ಹೂ ಚಾಚುತ್ತಾಳೆ. ಮಾತೇ ಇಲ್ಲದ ಸಿನಿಮಾದಲ್ಲಿ ಇಡೀ ಕಥೆ ನಿಂತಿರೋದು ಒಂದು ಸದ್ದಿನ ಮೇಲೆ!

ಸಬ್‌ಟೈಟಲ್ ಅಂದರೆ ಆಗದವರು, ಭಾಷೆ ಬೇರೆ ಬೇರೆ ಇರೋ ಮನೆಯವರು, ಅಜ್ಜಿ ಮೊಮ್ಮಗು ಒಟ್ಟಿಗೆ ಕೂರೋ ಮನೆ, ಇವರಿಗೆಲ್ಲ ಇದು ಕಣ್ಣುಮುಚ್ಚಿ ಹೇಳಬಹುದಾದ ಸಿನಿಮಾ. ಅಲ್ಲೊಂದು ಇಲ್ಲೊಂದು ಬರುವ ಬರಹದ ಫಲಕ ಒಬ್ಬರು ಜೋರಾಗಿ ಓದಿ ಹೇಳಿದರೆ ಆಯಿತು. ಕೊರತೆ ಅಂದರೆ ಮಧ್ಯದಲ್ಲಿ ಕುಡಿದಾಗ ಮಾತ್ರ ಗುರುತು ಹಿಡಿಯುವ ಶ್ರೀಮಂತನ ಪಾರ್ಟಿ ದೃಶ್ಯಗಳು ಸ್ವಲ್ಪ ಎಳೆದ ಹಾಗೆ ಅನ್ನಿಸಬಹುದು. ಬಾಕ್ಸಿಂಗ್ ದೃಶ್ಯ ಬರೋವರೆಗೆ ತಡ್ಕೊಳ್ಳಿ.

ಹಾಗಾದರೆ ಯಾವುದು

ಒಬ್ಬರೇ ಇದ್ದೀರಿ, ಸುಸ್ತಾಗಿದೆ, ಒಂದೂವರೆ ಗಂಟೆ ಇದೆ: ಟ್ವೆಲ್ವ್ ಆಂಗ್ರಿ ಮೆನ್. ಯಾವ ಅನುಮಾನವೂ ಇಲ್ಲದೆ. ನನಗೆ ಈ ಏಳರಲ್ಲಿ ಅದು ಅತಿ ಹೆಚ್ಚು ಇಷ್ಟದ್ದಲ್ಲ, ಆದರೂ ನಾನು ಅತಿ ಹೆಚ್ಚು ಜನಕ್ಕೆ ಹೇಳಿರೋದು ಅದನ್ನೇ. ಮಕ್ಕಳಿದ್ದಾರೆ ಅಂದರೆ ಚಿಲ್ಡ್ರನ್ ಆಫ್ ಹೆವನ್, ತೀರಾ ಚಿಕ್ಕವರಿದ್ದರೆ ಸಿಟಿ ಲೈಟ್ಸ್. ಕಪ್ಪುಬಿಳುಪು ಬೇಡವೇ ಬೇಡ ಅಂದರೆ ರಿಯರ್ ವಿಂಡೋ. ಆಕ್ಷನ್ ಸಿನಿಮಾ ನೋಡಿ ಬೆಳೆದವರು ನೇರವಾಗಿ ಸೆವೆನ್ ಸಮುರಾಯ್‌ಗೆ ಹೋಗಿ, ಉದ್ದಕ್ಕೆ ಹೆದರಬೇಡಿ. ಅತ್ತರೆ ಪರವಾಗಿಲ್ಲ ಅನ್ನುವ ದಿನಕ್ಕೆ ಬೈಸಿಕಲ್ ಥೀವ್ಸ್.

ಯಾವುದೇ ಆರಿಸಿದರೂ ಟಿವಿಯಲ್ಲಿ ನೋಡೋದಾದರೆ ಒಂದು ಕೆಲಸ ಮಾಡಿ. ಸೆಟ್ಟಿಂಗ್‌ನಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಆಯ್ಕೆ ಇರುತ್ತೆ, ಎಷ್ಟೋ ಟಿವಿಗಳಲ್ಲಿ ತಾನಾಗೇ ಆನ್ ಆಗಿರುತ್ತೆ, ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಕುರೊಸಾವಾ ಕೂಡ ಸೀರಿಯಲ್ ಥರ ಕಾಣ್ತಾನೆ. ಪ್ರಿಂಟು ಮಸುಕಾಗಿದ್ದು, ಸದ್ದು ಗೊರಗೊರ ಅಂದರೆ ಅಲ್ಲೇ ನಿಲ್ಲಿಸಿ, ಸ್ವಚ್ಛ ಮಾಡಿದ ಹೊಸ ಪ್ರಿಂಟ್ ಹುಡುಕಿ. ಹಳೆಯ ಸಿನಿಮಾ ಅಂದರೆ ಹಾಗೇ ಇರುತ್ತೆ ಅಂತ ಸಹಿಸಿಕೊಳ್ಳೋದು ಬೇಡ, ಅವು ಬಂದಾಗ ಹಾಗಿರಲಿಲ್ಲ.

ಅಂದ ಹಾಗೆ ಆ ಗೆಳೆಯ. ಕಳೆದ ತಿಂಗಳು ಊಟಕ್ಕೆ ಸಿಕ್ಕಾಗ ತಾನಾಗೇ ಮಾತು ತೆಗೆದ, ಈ ಸಲ ನಾನು ಮೊದಲು ನಾಲ್ಕು ಪ್ರಶ್ನೆ ಕೇಳಿ, ಆಮೇಲೆ ಟ್ವೆಲ್ವ್ ಆಂಗ್ರಿ ಮೆನ್ ಅಂದೆ. ಮರುದಿನ ರಾತ್ರಿ ಫೋನು. ಕೊಲೆಯ ಬಗ್ಗೆ ಅಲ್ಲ, ತೀರ್ಪಿನ ಬಗ್ಗೆಯೂ ಅಲ್ಲ. 'ಲೋ, ಆ ಫ್ಯಾನು ಕೆಟ್ಟಿರಲೇ ಇಲ್ಲ ಕಣೋ, ಲೈಟಿನ ಸ್ವಿಚ್ಚಿಗೇ ಇತ್ತು! ಅಷ್ಟು ಹೊತ್ತು ಸುಮ್ನೆ ಬೆವರಿದ್ರು!' ಕತ್ತಲಾಗಿ ಮಳೆ ಬಂದಾಗ ಯಾರೋ ಲೈಟ್ ಹಾಕ್ತಾರೆ, ಆಗ ಫ್ಯಾನ್ ತಿರುಗೋಕೆ ಶುರುವಾಗುತ್ತೆ. ಅದನ್ನು ಅವನು ಹಿಡಿದಿದ್ದ. ಟೋಕಿಯೋ ಸ್ಟೋರಿಯಲ್ಲೂ ಬೇಸಿಗೆ, ಅಲ್ಲಿ ಎಲ್ಲರ ಕೈಯಲ್ಲೂ ಬೀಸಣಿಗೆ ಇರುತ್ತೆ, ಯಾರು ಯಾವಾಗ ಬೀಸೋದು ನಿಲ್ಲಿಸ್ತಾರೆ ಅಂತ ನೋಡೋಕೆ ಅವನಿಗೆ ಇನ್ನೂ ನಾನು ಹೇಳಿಲ್ಲ. ನಡುವೆ ಇನ್ನೆರಡು ಸಿನಿಮಾ ಆಗಲಿ.